ಬಳೆಯಿಲ್ಲದ ಬಲಗೈ

ನನ್ನ ಎಡಗೈಯಲ್ಲಿ ಗಾಜಿನ ಬಳೆಗಳಿವೆ, ಬಲಗೈಯಲ್ಲಿ ಒಂದೂ ಇಲ್ಲ. ಮದುವೆ ಮನೆಗಳಲ್ಲಿ ಅರಿಶಿನ ಕುಂಕುಮ ಕೊಡಲು ಬಂದವರು ಮೊದಲು ನನ್ನ ಹಣೆ ನೋಡುತ್ತಾರೆ, ಆಮೇಲೆ ಕೊರಳು, ಆಮೇಲೆ ಕೈ. ಬಲಗೈ ಕಂಡೊಡನೆ ಅವರ ಮುಖ ಸಣ್ಣದಾಗುತ್ತದೆ. ಕೆಲವರು ಕೇಳುತ್ತಾರೆ, ಕೆಲವರು ಕೇಳದೆ ಮನೆಗೆ ಹೋಗಿ ಮಾತಾಡಿಕೊಳ್ಳುತ್ತಾರೆ. ಕೇಳಿದವರಿಗೆ "ಆಪರೇಷನ್ ಆಗಿದೆ, ಈ ಕೈಗೆ ಹಾಕಬಾರದು ಅಂದಿದ್ದಾರೆ" ಎಂದಷ್ಟೇ ಹೇಳಿ ಮುಗಿಸುತ್ತೇನೆ. ಪೂರ್ತಿ ಹೇಳಲು ಕೂತರೆ ಊಟದ ಪಂಕ್ತಿ ಎದ್ದು ಹೋಗುತ್ತದೆ. ಇವತ್ತು ಪೂರ್ತಿ ಹೇಳುವ ಮನಸ್ಸಾಗಿದೆ. ಇದು ನನ್ನ ಕತೆಗಿಂತ ಹೆಚ್ಚಾಗಿ ನಮ್ಮತ್ತೆಯ ಕತೆ.

ಎಪ್ಪತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಕಳೆದಿತ್ತು. ನನಗೆ ಮೂವತ್ತಾರು. ಹೊಳಲ್ಕೆರೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ, ನಮ್ಮವರು ಅಲ್ಲೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಒಂದು ದಿನ ಸ್ನಾನ ಮಾಡುವಾಗ ಬಲಗಡೆಯ ಮೊಲೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟಿತ್ತು, ನೋವಿರಲಿಲ್ಲ. ಮೊಲೆ ಎಂಬ ಮಾತನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಗಂಡನ ಹತ್ತಿರ ಹೇಳಲೂ ಬಾಯಿ ಬರಲಿಲ್ಲ. "ಎದೇಲಿ ಏನೋ ಗಂಟು" ಎಂದು ಹೇಳಲು ಒಂದು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ಅದು ನೆಲ್ಲಿಕಾಯಿ ಗಾತ್ರವಾಗಿತ್ತು.

ಚಿತ್ರದುರ್ಗದಲ್ಲಿ ತೋರಿಸಿದೆವು. ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನ ಡಾಕ್ಟರು ವಯಸ್ಸಾದವರು, ಮಿತವಾಗಿ ಮಾತಾಡುವವರು. ಪೂರ್ತಿ ತೆಗೆಯಬೇಕು, ಕಂಕುಳಲ್ಲಿ ಇರುವ ಸಣ್ಣ ಗಂಟುಗಳನ್ನೂ ತೆಗೆಯಬೇಕು ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಬೋರ್ಡ್ ಮೇಲೆ ಬರೆಯಕ್ಕೆ ಆಗುತ್ತಾ ಸಾರ್?" ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕೈ ಸರಿಯಾಗಿ ನೋಡಿಕೊಂಡರೆ ಆಗುತ್ತೆ, ನೋಡಿಕೊಳ್ಳದಿದ್ದರೆ ಕಷ್ಟ" ಎಂದರು.

ಹದಿನೈದು ದಿನ ಅಲ್ಲಿದ್ದೆ. ಪಕ್ಕೆಯಿಂದ ಒಂದು ರಬ್ಬರ್ ನಳಿಕೆ ಹೊರಬಂದು ಮಂಚದ ಕೆಳಗಿನ ಬಾಟಲಿಗೆ ಸೇರಿತ್ತು. ಅದರಲ್ಲಿ ತುಂಬುತ್ತಿದ್ದ ಕೆಂಪು ನೀರನ್ನು ದಿನಾ ಅಳೆಯುತ್ತಿದ್ದರು. ನೀರು ಕಡಿಮೆಯಾದ ಮೇಲೆ ನಳಿಕೆ ತೆಗೆದರು, ಆಮೇಲೆ ಹೊಲಿಗೆ ಬಿಚ್ಚಿದರು. ಕಂಕುಳ ಹತ್ತಿರ ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಇಲ್ಲದ ಮೊಲೆಯ ತುದಿಯಲ್ಲಿ ಮಾತ್ರ ತುರಿಕೆ. ತುರಿಸಿಕೊಳ್ಳಲು ಹೋದರೆ ಬ್ಯಾಂಡೇಜು. ನಗು ಬರುತ್ತಿತ್ತು, ನಕ್ಕರೆ ನೋಯುತ್ತಿತ್ತು, ಕೊನೆಗೆ ಅಳುತ್ತಿದ್ದೆ.

ಬಿಡುಗಡೆಯ ದಿನ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, ಖಾಲಿಯಾದ ಜಾಗಕ್ಕೆ ಏನಾದರೂ ಇಡಲು ಬರುತ್ತದೆಯೇ ಎಂದು. ಹೊರದೇಶದಲ್ಲಿ ಮೆತ್ತಗಿನ ಚೀಲದಂಥದ್ದನ್ನು ಚರ್ಮದ ಒಳಗೇ ಇಟ್ಟು ಹೊಲಿಯುತ್ತಾರೆ ಎಂದರು. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಸುತ್ತ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ, ಕೀವಾದರೆ ಮತ್ತೆ ಕೊಯ್ದು ತೆಗೆಯಬೇಕು ಎಂದೂ ಹೇಳಿದರು. "ನೀವು ಮೊದಲು ಕೈ ಉಳಿಸಿಕೊಳ್ಳಿ" ಎಂದು ಒಂದು ಇಂಗ್ಲಿಷ್ ಕಾಗದವನ್ನು ನಮ್ಮವರ ಕೈಗೆ ಕೊಟ್ಟರು. ನಮ್ಮವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. ಅದರಲ್ಲಿದ್ದುದನ್ನು ನರ್ಸಮ್ಮ ನನಗೆ ಬಾಯಲ್ಲೇ ಹೇಳಿ ಮಾಡಿ ತೋರಿಸಿದ್ದರು. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಬೇಕು. ಕೈಗೆ ಬಿಸಿ ತಾಗಿಸಬಾರದು, ಬಿಗಿ ಕಟ್ಟಬಾರದು, ಆ ಕೈಗೆ ಬಳೆ ಹಾಕಬಾರದು. ಇಷ್ಟನ್ನೂ ನಾನು ಕಿವಿಯಾರೆ ಕೇಳಿದ್ದೆ. ಇದನ್ನು ನೀವು ನೆನಪಿಟ್ಟುಕೊಳ್ಳಿ.

ನಮ್ಮವರಿಗೆ ರಜೆ ಮುಗಿದಿತ್ತು. ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಹಾಗಾಗಿ ಬಾಗೂರಿನಲ್ಲಿ ಅತ್ತೆಯ ಹತ್ತಿರ ಬಿಡುವುದು ಎಂದಾಯಿತು. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ, ಹೊಸದುರ್ಗದಲ್ಲಿ ಇನ್ನೊಂದು ಬಸ್ಸು ಹಿಡಿದು ಹೋದೆವು. ರಸ್ತೆಯ ಗುಂಡಿಗಳೆಲ್ಲ ನನ್ನ ಪಕ್ಕೆಗೇ ಲೆಕ್ಕ ಒಪ್ಪಿಸಿದವು. ದಿಂಬೊಂದನ್ನು ಎದೆಗೆ ಅವಚಿಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದೆ.

ನಮ್ಮತ್ತೆಗೆ ಆಗ ಅರವತ್ತೈದು ದಾಟಿತ್ತು. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ದೊಡ್ಡ ಕೈ, ದೊಡ್ಡ ದನಿ. ಅಕ್ಷರ ಬರುತ್ತಿರಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎರೆಯಲು ಅವರನ್ನೇ ಕರೆಯುತ್ತಿದ್ದರು. ಅವರು ನೀರು ಹಾಕಿದರೆ ಬಾಣಂತಿ ಮೂರು ತಿಂಗಳಲ್ಲಿ ಕಲ್ಲು ಎತ್ತುತ್ತಾಳೆ ಎಂಬ ಹೆಸರಿತ್ತು. ಅವರ ಇಬ್ಬರು ಹೆಣ್ಣುಮಕ್ಕಳ ಬಾಣಂತನಗಳೂ ಆ ಮನೆಯಲ್ಲೇ ಆಗಿದ್ದವು. ಊರಿಗೆಲ್ಲ ಎರೆದ ಆ ಕೈಗೆ ಸೊಸೆಯನ್ನು ಎರೆಯುವ ಯೋಗ ಬಂದಿರಲಿಲ್ಲ. ಅದನ್ನು ಅವರು ಒಂದು ದಿನವೂ ನನ್ನ ಮುಂದೆ ಆಡಿ ತೋರಿಸಿರಲಿಲ್ಲ. ಆಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ನನ್ನನ್ನು ಒಳಗೆ ಕರೆದುಕೊಂಡು ಹೋದವರೇ ಸೆರಗು ಸರಿಸಿ ಗಾಯ ನೋಡಿದರು. ಮುಖ ಒಂದಿಷ್ಟೂ ಕದಲಲಿಲ್ಲ.

"ಎಷ್ಟು ದಿನಾತು ಕೊಯ್ದು?"

"ಹದಿನೇಳು."

"ಹಸೀ ಮೈ. ಗಾಳಿ ಸೋಕಬಾರ್ದು. ಇವತ್ತಿಂದ ನೀನು ಈ ಕ್ವಾಣೆ ಬಿಟ್ಟು ಹೊರಗೆ ಬರಂಗಿಲ್ಲ, ತಿಳೀತಾ?" ಎಂದರು.

ಅವರಿಗೆ ಗೊತ್ತಿದ್ದ ಆರೈಕೆ ಅದೊಂದೇ. ಹೆಂಗಸಿನ ಮೈ ಹರಿದಿದೆ, ರಕ್ತ ಹೋಗಿದೆ, ಎದೆಯಲ್ಲಿ ಗಾಯವಾಗಿದೆ ಎಂದ ಮೇಲೆ ಬಾಣಂತನವಲ್ಲದೆ ಇನ್ನೇನು ಮಾಡುತ್ತಾರೆ? ಕೋಣೆಯ ಕಿಟಕಿಗೆ ಗೋಣಿ ತಾಟು ಬಿತ್ತು. ಹೊರಸಿನ ಕೆಳಗೆ ಕೆಂಡದ ಬಾಣಲೆ ಬಂತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬೆಳಿಗ್ಗೆ ಹರಳೆಣ್ಣೆ ಹಚ್ಚಿ, ಹಂಡೆಯಲ್ಲಿ ಕುದಿಕುದಿ ನೀರು ಕಾಯಿಸಿ, ಗಾಯವೊಂದನ್ನು ಬಟ್ಟೆಯಿಂದ ಮರೆಮಾಡಿ ಬೆನ್ನಿಗೂ ಹೆಗಲಿಗೂ ತೋಳಿಗೂ ಚೊಂಬಿನಿಂದ ಬೀಸಿ ಹುಯ್ಯುತ್ತಿದ್ದರು. ಆಮೇಲೆ ಸಾಂಬ್ರಾಣಿ ಹೊಗೆ. ತಮ್ಮದೊಂದು ಹಳೆ ಸೀರೆಯನ್ನು ಹರಿದು ಎದೆಗೆ ಸುತ್ತಿ, ಬಲಗೈಯನ್ನೂ ಅದರೊಳಗೇ ಸೇರಿಸಿ ಬಿಗಿಯಾಗಿ ಕಟ್ಟಿಬಿಡುತ್ತಿದ್ದರು. ಅಲುಗಾಡಿದರೆ ಹೊಲಿಗೆ ಬಿಚ್ಚುತ್ತದೆ ಎಂದು ಅವರ ಭಯ. ಮಧ್ಯಾಹ್ನ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ. ಬಾಣಂತಿಯರಿಗೆಂದೇ ಮಾಡುವ ಅಂಟಿನುಂಡೆ ಕೂಡ ಕಟ್ಟಿದರು. ಅದನ್ನು ನನ್ನ ಬಾಯಿಗೆ ಇಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಂದ ಮೂರನೆಯ ದಿನ ಬಳೆಗಾರ ಬಂದಿದ್ದ. ಆಸ್ಪತ್ರೆಯಲ್ಲಿ ನನ್ನ ಬಳೆಗಳನ್ನೆಲ್ಲ ತೆಗೆಸಿದ್ದರು. "ಮುತ್ತೈದೆ ಬರಿಗೈಲಿ ಇರಬಾರ್ದು, ಎರಡು ಕೈಗೂ ಹಸುರು ಬಳೆ ತೊಡುಸಪ್ಪ" ಎಂದು ಅತ್ತೆ ಅವನನ್ನು ಒಳಗೇ ಕರೆದರು. ನಮ್ಮ ಕಡೆ ಹಸಿರು ಬಳೆ ಎಂದರೆ ಬಸುರಿಗೆ, ಬಾಣಂತಿಗೆ, ಮದುವಣಗಿತ್ತಿಗೆ. ಮದುವೆಯಾದ ಮೇಲೆ ನನಗೆ ಅಂಥ ಕಾರಣ ಬಂದಿರಲಿಲ್ಲ. ಅವನು ನನ್ನ ಬಲಗೈಯನ್ನು ಹಿಸುಕಿ ಹಿಸುಕಿ, ಮಣಿಕಟ್ಟಿಗೆ ಕಚ್ಚಿ ಕೂರುವ ಅಳತೆಯನ್ನೇ ಆರಿಸಿ ಅರ್ಧ ಡಜನ್ ತೊಡಿಸಿದ. ಅತ್ತೆ ಓಣಿಯ ಮುತ್ತೈದೆಯೊಬ್ಬರಿಂದ ನನಗೆ ಅರಿಶಿನ ಕುಂಕುಮ ಇಡಿಸಿದರು.

ನರ್ಸಮ್ಮ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬಿಸಿನೀರು ಬೇಡ ಅಂದಿದ್ದಾರೆ ಅತ್ತೆ, ಬಳೆ ಬೇಡ ಅಂದಿದ್ದಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ದಿನಾ ಮಕ್ಕಳಿಗೆ ಪಾಠ ಹೇಳುವ ಬಾಯಿ ನನ್ನದು. ಆದರೆ ನಾನು ಹೇಳಲಿಲ್ಲ. ತಾಯಿಯಿಲ್ಲದವಳಿಗೆ, ಹೆರದವಳಿಗೆ ಮೂವತ್ತಾರನೇ ವಯಸ್ಸಿನಲ್ಲಿ ಬಾಣಂತನ ಸಿಕ್ಕಿತ್ತು. ಆ ಬಿಸಿನೀರು ಬೆನ್ನ ಮೇಲೆ ಬಿದ್ದಾಗ ನನಗೆ ಆಗುತ್ತಿದ್ದ ಸುಖವನ್ನು ಯಾರ ಹತ್ತಿರ ಹೇಳಲಿ? ಇನ್ನೊಂದು ನಾಲ್ಕು ದಿನ ಆಗಲಿ, ಆಮೇಲೆ ಹೇಳೋಣ ಎಂದು ದಿನ ದೂಡಿದೆ. ಗೋಡೆಯ ಮುಂದೆ ಒಂದು ಸಲವೂ ನಿಲ್ಲಲಿಲ್ಲ.

ಹನ್ನೆರಡು ದಿನಕ್ಕೆ ಕೈ ಭಾರವಾಯಿತು. ಮೊದಲು ಬೆರಳು ದಪ್ಪಗಾದವು, ಆಮೇಲೆ ಮಣಿಕಟ್ಟು, ಆಮೇಲೆ ತೋಳು. ಕಂಕುಳ ಕೆಳಗೆ ನೀರು ತುಂಬಿದ ಚೀಲದ ಹಾಗೆ ಉಬ್ಬಿತು. ಅತ್ತೆ ಅದನ್ನು ವಾಯು ಎಂದುಕೊಂಡು ಇನ್ನಷ್ಟು ಬಿಸಿನೀರು ಹುಯ್ದರು, ಇನ್ನಷ್ಟು ಬಿಗಿಯಾಗಿ ಕಟ್ಟಿದರು. ಹದಿನಾಲ್ಕನೆಯ ದಿನ ತೋಳು ಕೆಂಪಗಾಗಿ ಚಳಿಜ್ವರ ಬಂತು. ಬಳೆಗಳು ಮಾಂಸದಲ್ಲಿ ಹೂತುಹೋಗಿ ಕೈಬೆರಳು ನೀಲಿಯಾಗತೊಡಗಿದವು.

ಅವತ್ತು ಭಾನುವಾರ. ಮಧ್ಯಾಹ್ನದ ಬಸ್ಸಿಗೆ ನಮ್ಮವರು ಬಂದರು. ಕೋಣೆಯ ಒಳಗೆ ಕಾಲಿಟ್ಟವರು ಸೆಕೆಗೆ ಹಿಂದಕ್ಕೆ ಸರಿದರು. ನನ್ನ ಕೈ ನೋಡಿದರು. ಜೇಬಿನಿಂದ ಆ ಕಾಗದ ತೆಗೆದರು. ಎರಡು ವಾರ ಅದು ಅವರ ಜೇಬಿನಿಂದ ಜೇಬಿಗೆ ಹೋಗುತ್ತಿತ್ತೇ ಹೊರತು ತಾಯಿಯ ಮುಂದೆ ಓದಿರಲಿಲ್ಲ. ಹೆಂಡತಿಯ ಎದೆಯ ವಿಷಯವನ್ನು ತಾಯಿಗೆ ಓದಿ ಹೇಳಲು ಅವರಿಗೆ ನಾಚಿಕೆ. ಈಗ ನಿಂತಲ್ಲೇ ಕನ್ನಡದಲ್ಲಿ ಗಟ್ಟಿಯಾಗಿ ಓದಿದರು. ಬಿಸಿ ಕೂಡದು. ಬಿಗಿ ಕೂಡದು. ಬಳೆ ಕೂಡದು. ಕೈಯನ್ನು ದಿನಾ ಎತ್ತಬೇಕು, ಇಲ್ಲದಿದ್ದರೆ ಹೆಗಲು ಹಿಡಿದುಕೊಂಡು ಕೈ ಶಾಶ್ವತವಾಗಿ ಮೇಲೇಳದೆ ಹೋಗಬಹುದು.

"ಅವ್ವ, ಏನ್ ಮಾಡಿಟ್ಟಿದೀಯ ನೀನು!" ಎಂದು ಅವರು ತಾಯಿಯ ಮೇಲೆ ಕೂಗಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ನಾನು ಆಗಲೂ ಸುಮ್ಮನಿದ್ದೆ. ಇದಕ್ಕಿಂತ ದೊಡ್ಡ ಹೇಡಿತನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಮೊದಲು ಬಳೆ ಹೊರಬರಬೇಕಿತ್ತು. ಎಣ್ಣೆ ಹಚ್ಚಿ ನೋಡಿದರು, ಸೋಪಿನ ನೊರೆ ಹಾಕಿ ನೋಡಿದರು, ಕೈ ಮುಟ್ಟಿದರೆ ನಾನು ಚೀರುತ್ತಿದ್ದೆ. ಒಡೆಯದೆ ದಾರಿಯಿರಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆದರು. ಆಕೆ ಗಂಡ ಮಕ್ಕಳಿರುವ ಮುತ್ತೈದೆ. ಹೊಸ್ತಿಲ ಆಚೆಯಿಂದಲೇ ಕೈ ಮುಗಿದಳು. "ಗಂಡ ಎದುರಿಗೆ ನಿಂತಿರುವಾಗ ಹೆಂಡತಿ ಬಳೆ ಒಡೆಯೋ ಪಾಪ ನನಗೆ ಬ್ಯಾಡ್ರಿ" ಎಂದು ಹೊರಟುಹೋದಳು. ನಮ್ಮವರು ತಾವೇ ಒಡೆಯುತ್ತೇನೆಂದು ಒಂದು ಗುಂಡುಕಲ್ಲು ತಂದರು.

ಅತ್ತೆ ಆ ಕಲ್ಲನ್ನು ಕಿತ್ತುಕೊಂಡು ಹೊರಗೆ ಎಸೆದರು. "ನೀನು ಆಚೆ ಹೋಗಿ ಜಗಲಿ ಮ್ಯಾಲೆ ಕುಂತ್ಕ, ಹೋಗು" ಎಂದು ಮಗನನ್ನು ಕಳಿಸಿ ಬಾಗಿಲು ಮುಂದೆ ಮಾಡಿದರು. ತಮ್ಮ ಎಲೆಯಡಿಕೆ ಚೀಲದಿಂದ ಅಡಕೊತ್ತು ತೆಗೆದರು. ಒದ್ದೆ ಬಟ್ಟೆಯ ಸಣ್ಣ ಚೂರನ್ನು ಬಳೆಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ತೂರಿಸಿದರು. ಅಡಕೊತ್ತಿನ ಬಾಯಲ್ಲಿ ಬಳೆ ಹಿಡಿದು ಮೆಲ್ಲಗೆ ಒತ್ತಿದರು. ಟಿಕ್ ಎಂದು ಒಂದು ಬಳೆ ಎರಡು ತುಂಡಾಗಿ ಒದ್ದೆ ಬಟ್ಟೆಯ ಮೇಲೆ ಬಿತ್ತು.

"ನನ್ನ ಬಳೆ ಒಡೆದಾಗ ನಾಕು ಜನ ಹಿಡ್ಕಂಡಿದ್ರು. ಕಲ್ಲಿನ ಮ್ಯಾಲೆ ಕೈ ಇಟ್ಟು ಕುಟ್ಟಿದ್ರು. ಗಾಜು ಚುಚ್ಚಿ ರಕ್ತ ಬಂತು, ಒಬ್ರೂ ನೋಡ್ಲಿಲ್ಲ" ಎಂದರು ಎರಡನೆಯ ಬಳೆಗೆ ಅಡಕೊತ್ತು ಇಡುತ್ತಾ. "ನಿನಗೆ ಒಂದು ಗೀರೂ ಆಗ್ದಂಗೆ ತಗೀತೀನಿ. ನಿನ್ನ ಗಂಡ ಆಚೆ ಕುಂತವ್ನೆ, ಕೆಮ್ಮೋದು ಕೇಳುಸ್ತೈತಲ್ಲ? ಹೆದರಬ್ಯಾಡ."

ಆರು ಬಳೆಗಳೂ ಬಂದವು. ಒಂದು ಗೀರೂ ಆಗಲಿಲ್ಲ. ವಿಧವೆಯೊಬ್ಬಳು ಸೊಸೆಯ ಬಳೆ ಒಡೆದಳು ಎಂದು ನಾಳೆ ಊರು ಏನೆನ್ನುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಅತ್ತೆ, ನರ್ಸು ನನಗೆ ಎಲ್ಲಾ ಹೇಳಿದ್ರು. ಬಿಸಿನೀರು ಬೇಡ, ಬಳೆ ಬೇಡ ಅಂತ. ನನಗೆ ಗೊತ್ತಿತ್ತು" ಎಂದೆ.

ಅವರು ಗಾಜಿನ ಚೂರುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದವರು ನಿಲ್ಲಿಸಿದರು. "ಗೊತ್ತಿತ್ತಾ?"

"ಹೂಂ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಎರೀತಾ ಇದ್ರಲ್ಲ" ಎಂದೆ.

ಅವರ ಕಣ್ಣು ತುಂಬಿತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಮಾಸ್ತರಿಕೆ ಮಾಡ್ತೀಯಂತೆ ಮಾಸ್ತರಿಕೆ! ಬುದ್ಧಿ ಎಲ್ಲಿ ಮೇಯಕ್ಕೆ ಬಿಟ್ಟಿದ್ದೆ? ನಾನು ಓದು ಬರದ ಮುದುಕಿ, ನನ್ನ ಕೈಲಿ ಪಾಪ ಮಾಡ್ಸಿದ್ಯಲ್ಲೇ!" ಎಂದು ಬೈದರು. ಬೈಯುತ್ತಲೇ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಅವರ ಸೀರೆ ಹೊಗೆಯ ವಾಸನೆ ಹೊಡೆಯುತ್ತಿತ್ತು.

ಬಾಡಿಗೆ ಕಾರು ಸಿಕ್ಕಿ ಸಂಜೆಗೆ ಮುಂಚೆ ಹೊಸದುರ್ಗದ ಆಸ್ಪತ್ರೆ ಸೇರಿದೆವು. ಅಲ್ಲಿನ ಲೇಡಿ ಡಾಕ್ಟರು ನನಗಿಂತ ಚಿಕ್ಕವರು. ಕಂಕುಳ ಕೆಳಗೆ ದೊಡ್ಡ ಸೂಜಿ ಹಾಕಿ ನೀರು ಎಳೆದರು, ಒಂದು ಲೋಟ ಬಂತು. ಪೆನ್ಸಿಲಿನ್ ಚುಚ್ಚಿದರು. ಇನ್ನು ಎರಡು ದಿನ ತಡವಾಗಿದ್ದರೆ ವಿಷ ರಕ್ತಕ್ಕೆ ಏರುತ್ತಿತ್ತು ಎಂದರು. ಎಂಟು ದಿನ ಅಲ್ಲೇ ಇಟ್ಟುಕೊಂಡರು. ಜ್ವರ ಇಳಿಯಿತು, ಕೆಂಪು ಹೋಯಿತು, ಊತ ಅರ್ಧ ಇಳಿಯಿತು. ಆದರೆ ಕೈ ಸೊಂಟದಿಂದ ಮೇಲೆ ಒಂದು ಗೇಣೂ ಏಳುತ್ತಿರಲಿಲ್ಲ. ಎತ್ತಲು ಹೋದರೆ ಹೆಗಲಿನಲ್ಲಿ ಬೀಗ ಹಾಕಿದ ಹಾಗೆ ನಿಲ್ಲುತ್ತಿತ್ತು.

ನನ್ನ ರಜೆ ಇನ್ನು ಎರಡು ತಿಂಗಳಿತ್ತು. ಅಷ್ಟರಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು. ಬೋರ್ಡಿಗೆ ಕೈ ಏಳದ ಟೀಚರಿಗೆ ಅದನ್ನು ಯಾರು ಕೊಡುತ್ತಾರೆ? ಮಕ್ಕಳಿಲ್ಲದ ನನಗೆ ಶಾಲೆಯೊಂದೇ ಇತ್ತು. ಅದೂ ಹೋದರೆ ನಾನು ಯಾರು ಎಂದು ಹೆದರಿ ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಬಿಡುಗಡೆಯ ದಿನ ಅತ್ತೆ ಡಾಕ್ಟರ ಮುಂದೆ ಹೋಗಿ ನಿಂತರು. "ಡಾಕ್ಟ್ರಮ್ಮ, ನನಗೆ ಕಾಗ್ದ ಓದಕ್ಕೆ ಬರಲ್ಲ. ಏನೇನು ಮಾಡ್ಬೇಕೋ ನನ್ನ ಕೈಗೇ ಮಾಡಿ ತೋರುಸ್ರಿ. ನನ್ನ ಮೈಗೆ ಬಂದ್ರೆ ನಾನು ಮರೆಯಲ್ಲ" ಎಂದರು.

ಆ ಡಾಕ್ಟರು ನಗಲಿಲ್ಲ. ಹೊರಗೆ ರೋಗಿಗಳು ಸಾಲು ನಿಂತಿದ್ದರೂ ಕುರ್ಚಿಯಿಂದ ಎದ್ದು ಬಂದು ಮುದುಕಿಯ ಕೈ ಹಿಡಿದು ಒಂದೊಂದಾಗಿ ಮಾಡಿಸಿದರು. ಗೋಡೆ ಹತ್ತಿಸುವುದು, ತೋಳನ್ನು ತೂಗುಬಿಟ್ಟು ಸುತ್ತಿಸುವುದು, ಎರಡು ಕೈಯನ್ನೂ ಕುತ್ತಿಗೆಯ ಹಿಂದೆ ಸೇರಿಸುವುದು, ಮಲಗುವಾಗ ಕೈಯನ್ನು ದಿಂಬಿನ ಮೇಲೆ ಎತ್ತಿ ಇಡುವುದು. ಅತ್ತೆ ಪ್ರತಿಯೊಂದನ್ನೂ ಮೂರು ಸಲ ಮಾಡಿ ಒಪ್ಪಿಸಿದರು. ಆ ಡಾಕ್ಟರನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಮರುದಿನದಿಂದ ಬಾಗೂರಿನ ಆ ಕೋಣೆಯಲ್ಲಿ ಇನ್ನೊಂದು ಬಗೆಯ ಆರೈಕೆ ಶುರುವಾಯಿತು. ಕಿಟಕಿಯ ಗೋಣಿ ತಾಟು ಹೋಯಿತು, ಕೆಂಡ ಹೋಯಿತು. ಬೆಳಿಗ್ಗೆ ಎದ್ದೊಡನೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಮುಂದೆ ನಿಲ್ಲುತ್ತಿದ್ದರು, ಪಕ್ಕದಲ್ಲಿ ನಾನು. ಅವರ ಬೆರಳು ಗೋಡೆ ಹತ್ತುತ್ತಿತ್ತು, ನನ್ನದೂ ಹತ್ತುತ್ತಿತ್ತು. ನನ್ನದು ನಿಂತ ಕಡೆ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆಯುತ್ತಿದ್ದರು. ನಾಳೆ ಅದನ್ನು ದಾಟಬೇಕು. ದಾಟದಿದ್ದರೆ ಕಾಫಿ ಇಲ್ಲ. ನಾನು ನೋವಿಗೆ ಅತ್ತರೆ ಅವರು ತಾವೇ ಕೈ ಎತ್ತಿ ಹಿಡಿದುಕೊಂಡು, "ನನಗೂ ನೋಯ್ತೈತೆ, ನಾನು ಅಳ್ತಿದೀನಾ?" ಎನ್ನುತ್ತಿದ್ದರು. ಎಷ್ಟೋ ವರ್ಷದಿಂದ ಅವರ ಎಡ ಹೆಗಲು ಹಿಡಿದುಕೊಂಡಿತ್ತು. ಒಂದು ತಿಂಗಳಿಗೆ ಅದು ಪೂರ್ತಿ ಬಿಟ್ಟುಕೊಂಡಿತು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ತಾವೇ ಇಳಿಸಿದರು. ಕೊಯ್ಸಿಕೊಂಡವಳು ನಾನು, ವಾಸಿಯಾದವರು ಅವರು ಎಂದು ನಾವಿಬ್ಬರೂ ನಕ್ಕೆವು.

ಗೋಡೆಯಲ್ಲಿ ಗೆರೆಗಳು ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟವು. ಒಂದು ವಾರ ಅಲ್ಲೇ. ಆಗ ಅತ್ತೆಗೆ ಹೊಳೆದದ್ದು ಮಜ್ಜಿಗೆ ಕಡೆಯುವ ಕಂಬ. ಖಾಲಿ ಗಡಿಗೆಯಲ್ಲಿ ಕಡೆಗೋಲು ಇಟ್ಟು ಕಂಬಕ್ಕೆ ಸಿಕ್ಕಿಸಿ, ಅದಕ್ಕೆ ಸುತ್ತಿದ ಹಗ್ಗದ ಎರಡು ತುದಿಯನ್ನೂ ನನ್ನ ಕೈಗೆ ಕೊಟ್ಟರು. ಎಡಗೈ ಎಳೆದಾಗ ಹಗ್ಗವೇ ಬಲಗೈಯನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ, ನಾವು ಬಲ ಹಾಕುವುದೇ ಬೇಡ. ದಿನ ಕಳೆದಂತೆ ಹಗ್ಗ ಸುತ್ತುವ ಜಾಗವನ್ನು ಕಡೆಗೋಲಿನಲ್ಲಿ ಒಂದೊಂದು ಬೆರಳು ಮೇಲೆ ಏರಿಸಿದರು. ಹಗ್ಗ ಏರಿದಂತೆ ಕೈಯೂ ಏರಿತು. ಗಡಿಗೆಯಲ್ಲಿ ಮೊದಲು ಬರಿ ಗಾಳಿ, ಆಮೇಲೆ ನೀರು, ಕೊನೆಗೆ ನಿಜವಾದ ಮೊಸರು. ಬೆಣ್ಣೆ ಬಂದ ದಿನ ಒಂದು ಉಂಡೆ ತೆಗೆದು ನನ್ನ ಬಾಯಿಗೆ ಹಾಕಿದರು. ಅವತ್ತು ಗೋಡೆಯ ಗೆರೆ ನನ್ನ ಹಣೆಯ ಮಟ್ಟ ದಾಟಿತು.

ಇನ್ನು ಕುಪ್ಪಸದ ಖಾಲಿ ಜಾಗ. ಹೊರದೇಶದ ಚೀಲದ ಸುದ್ದಿಯನ್ನು ಅವರಿಗೆ ಹೇಳಿದ್ದೆ. "ಒಳಗೆ ಇಟ್ಟಿದ್ದು ಕೆಟ್ರೆ ಮತ್ತೆ ಕೊಯ್ಬೇಕು. ಹೊರಗೆ ಇಟ್ಟಿದ್ದು ಕೆಟ್ರೆ ಇನ್ನೊಂದು ಹೊಲ್ಕಂಡ್ರಾತು" ಎಂದು ತಮ್ಮ ಮೆತ್ತನೆಯ ಹಳೆ ಸೀರೆಯಿಂದ ದುಂಡನೆಯ ಚೀಲ ಹೊಲಿದರು. ಮೊದಲು ಹತ್ತಿ ತುಂಬಿದರು. ಅದು ಹಗುರ, ಮಾತಾಡುವಷ್ಟರಲ್ಲಿ ಕೊರಳಿನ ಹತ್ತಿರ ಬಂದು ಕೂರುತ್ತಿತ್ತು. ಆಮೇಲೆ ನವಣೆ ತುಂಬಿದರು. ತೂಕ ಸರಿಯಾಯಿತು, ಬಗ್ಗಿದರೆ ಬಗ್ಗುತ್ತಿತ್ತು, ಎದ್ದರೆ ಇಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡೆ. ಎರಡೂ ಕಡೆ ಸಮನಾಗಿತ್ತು. ಎಷ್ಟೋ ದಿನದ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತೆ.

ಲೇಡಿ ಡಾಕ್ಟರು ಫಿಟ್‌ನೆಸ್ ಬರೆದುಕೊಟ್ಟರು. ಹೊಳಲ್ಕೆರೆಗೆ ಹೋಗಿ ಶಾಲೆ ಸೇರಿದೆ. ಮೊದಲ ದಿನ ಬೋರ್ಡಿನ ಮೇಲ್ತುದಿಯಲ್ಲಿ ವಾರ, ತಾರೀಕು ಬರೆದೆ. ಅಕ್ಷರ ಸೊಟ್ಟಗಿತ್ತು, ಆದರೆ ತುದಿಯಲ್ಲೇ ಬರೆದೆ. ಮಕ್ಕಳಿಗೆ ಅದೇನು ಗೊತ್ತು, ಎಂದಿನಂತೆ ಗಲಾಟೆ ಮಾಡುತ್ತಿದ್ದರು. ಎರಡು ತಿಂಗಳ ಮೇಲೆ ನವಣೆ ಚೀಲದ ಹೊಲಿಗೆ ಬಿಟ್ಟು, ಮಗ್ಗಿ ಹೇಳಿಸುತ್ತಿರುವಾಗ ಸೀರೆಯಿಂದ ಕಾಳು ಸುರಿಯತೊಡಗಿತು. "ಟೀಚರ್, ಕಾಳು!" ಎಂದು ಮುಂದಿನ ಸಾಲಿನ ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು. ಗುಬ್ಬಿಗೆ ಹಾಕಲು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ ಎಂದು ಹೇಳಿ ಪಾರಾದೆ. ಮುಂದಿನ ವಾರವೆಲ್ಲ ಅವರು ಗುಬ್ಬಿಗೆಂದು ಜೇಬಿನ ತುಂಬ ಕಾಳು ತಂದರು. ಅತ್ತೆಗೆ ಇದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇನ್ನೊಂದು ಚೀಲವನ್ನು ಎರಡೆರಡು ಹೊಲಿಗೆ ಹಾಕಿ ಕಳಿಸಿದರು.

ಬಲಗೈಗೆ ಮತ್ತೆ ಬಳೆ ಹಾಕಲಿಲ್ಲ. ಊತ ಪೂರ್ತಿ ಹೋಗಲೇ ಇಲ್ಲ, ಈಗಲೂ ಬೇಸಿಗೆಯಲ್ಲಿ ಕೈ ಸ್ವಲ್ಪ ತುಂಬಿಕೊಳ್ಳುತ್ತದೆ. ಬಾಗೂರಿನಲ್ಲಿ ಯಾರೋ ನನ್ನ ಬರಿಗೈಯನ್ನು ಎತ್ತಿ ಆಡಿದಾಗ ಅತ್ತೆ, "ಒಡೆದೋಳು ನಾನು. ಕೇಳೋದಿದ್ರೆ ನನ್ನ ಕೇಳ್ರಿ" ಎಂದರಂತೆ. ಆಮೇಲೆ ಯಾರೂ ಕೇಳಲಿಲ್ಲ.

ಐದು ವರ್ಷ ಕಳೆದವು. ಗಂಟು ಮತ್ತೆ ಬರಲಿಲ್ಲ. ಆ ವರ್ಷ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಹೊಳಲ್ಕೆರೆಗೆ ಕರೆದುಕೊಂಡು ಬಂದೆವು. ಹೆಣ್ಣುಮಕ್ಕಳು ಬಂದು ಹೋಗಿ ಮಾಡಿದರು, ಆದರೆ ದಿನಾ ಎರೆಯುವವಳು ನಾನು. ಸೊಸೆ ಎರೆಯುವುದು ಅವರಿಗೆ ಮೊದಮೊದಲು ಸಂಕೋಚ, ಆಮೇಲೆ ಒಗ್ಗಿಕೊಂಡರು. ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಎಡಗೈಯಿಂದ ಅವರನ್ನು ಹಿಡಿದುಕೊಂಡು ಬಲಗೈಯಿಂದ ನೀರು ಹುಯ್ಯುತ್ತಿದ್ದೆ.

ಅವರಿಗೆ ಬಿಸಿನೀರೆಂದರೆ ಪ್ರಾಣ. ಹೊಗೆಯಾಡುವ ನೀರಲ್ಲದೆ ಮೈಗೆ ಹಾಕಿಕೊಂಡವರಲ್ಲ. ಮೊದಲ ದಿನ ಅದೇ ಅಂದಾಜಿನಲ್ಲಿ ಕಾಯಿಸಿ ಚೊಂಬು ಅದ್ದಲು ಹೋದೆ. ಅವರು ನೆಟ್ಟಗಿದ್ದ ಬಲಗೈಯನ್ನು ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಾತು ತೊದಲುತ್ತಿತ್ತು.

"ತಣ್ಣೀರು ಬೆರುಸು. ನಿನ್ನ ಕೈ."

"ಅತ್ತೆ, ಚೊಂಬಲ್ಲಿ ತಗೋತೀನಿ, ನನ್ನ ಕೈಗೆ ತಾಗಲ್ಲ. ನಿಮಗೆ ಬಿಸಿ ಬೇಕು" ಎಂದೆ.

"ಬೆರುಸು ಅಂದ್ನಲ್ಲ" ಎಂದರು. ಬೆರೆಸುವ ತನಕ ಮಣಿಕಟ್ಟು ಬಿಡಲಿಲ್ಲ.

ಆಮೇಲೆ ದಿನವೂ ತಾವೇ ಮೊದಲು ಬೆರಳು ಅದ್ದಿ ನೋಡುತ್ತಿದ್ದರು. ಬಿಸಿ ಒಂದಿಷ್ಟು ಹೆಚ್ಚಿದ್ದರೂ ತಲೆ ಅಲ್ಲಾಡಿಸುತ್ತಿದ್ದರು. ನಾನು ತಣ್ಣೀರು ಸೇರಿಸಿದ ಮೇಲೆಯೇ ಬೆನ್ನು ಕೊಡುತ್ತಿದ್ದರು. ಹೀಗೆ ಒಂದು ವರ್ಷ ಎರೆದೆ. ಊರಿನ ಬಾಣಂತಿಯರಿಗೆಲ್ಲ ಕುದಿಕುದಿ ನೀರು ಹುಯ್ದ ನಮ್ಮತ್ತೆ ಕೊನೆಯ ದಿನದ ತನಕ ಉಗುರುಬೆಚ್ಚಗಿನ ನೀರಿನಲ್ಲೇ ಮಿಂದರು.